ಪುನರ್ಪುಳಿ ಸಿರಪ್ ಕಳ್ಳಾಗಿ ಹೋಯಿತು, ಎಲ್ಲಿ ತಪ್ಪಿದೆ?

ಪ್ರಶ್ನೆ (ಸುರತ್ಕಲ್‌ನಿಂದ):
ಅಕ್ಕ, ನಮಸ್ಕಾರ. ಹಿರಿಯಡ್ಕದಲ್ಲಿ ಅಮ್ಮನ ಮನೆ ಹಿತ್ತಿಲಲ್ಲಿ ಪುನರ್ಪುಳಿ (ಕೋಕಂ) ಮರ ಉಂಟು. ಕಳೆದ ವರ್ಷ ಮೇ ತಿಂಗಳಲ್ಲಿ ಒಂದು ಕೆಜಿ ಸಿಪ್ಪೆಗೆ ಒಂದು ಕೆಜಿ ಸಕ್ಕರೆ ಹಾಕಿ ಸಿರಪ್ ಮಾಡಿದೆ. ಮೂರು ವಾರ ಚೆನ್ನಾಗಿತ್ತು. ಆಮೇಲೆ ಒಂದು ರಾತ್ರಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳ ಟಪ್ ಅಂತ ಹಾರಿತು. ಅಡುಗೆಮನೆ ಗೋಡೆಯೆಲ್ಲ ಕೆಂಪು, ಮೂಸಿದರೆ ಕಳ್ಳಿನ ವಾಸನೆ. ಕುದಿಸಿ ಇಡಬೇಕಿತ್ತು ಅಂತ ಅತ್ತೆ ಹೇಳುತ್ತಾರೆ. ಅವರು ಕುದಿಸಿಟ್ಟದ್ದು ಕೆಡಲಿಲ್ಲ ನಿಜ, ಆದರೆ ಬಣ್ಣ ಮಾತ್ರ ಇಟ್ಟಿಗೆ ತೊಳೆದ ನೀರಿನ ಹಾಗೆ. ಈ ವರ್ಷ ಎಂತ ಮಾಡಲಿ?

ಉತ್ತರ (ಉಡುಪಿಯಲ್ಲಿ ಮನೆಯಲ್ಲೇ ಸಿರಪ್ ತಯಾರಿಸಿ ಅಂಗಡಿಗಳಿಗೆ ಕೊಡುವವರು):
ನಿಮ್ಮ ಕೈ ಹಿಡಿತವಾಗಿದೆ, ಅಷ್ಟೆ. ಸಕ್ಕರೆ ಸಾಲಲಿಲ್ಲ.

ಹಸಿ ಸಿಪ್ಪೆಯ ತೂಕದಲ್ಲಿ ಮುಕ್ಕಾಲಕ್ಕಿಂತ ಜಾಸ್ತಿ ನೀರೇ. ಒಂದು ಕೆಜಿ ಸಿಪ್ಪೆಯಿಂದ ಸುಮಾರು 800 ಗ್ರಾಂ ನೀರು ಬಿಡುತ್ತದೆ ಅಂತ ಇಟ್ಟುಕೊಳ್ಳಿ. ಅದಕ್ಕೆ ಒಂದು ಕೆಜಿ ಸಕ್ಕರೆ ಸೇರಿದರೆ ಸಿರಪ್‌ನಲ್ಲಿ ಸಕ್ಕರೆ ನೂರಕ್ಕೆ 55ರ ಹತ್ತಿರ. ಇಷ್ಟು ಸಿಹಿಯಲ್ಲಿ ಯೀಸ್ಟ್, ಅಂದರೆ ಹುಳಿ ಬರಿಸುವ ಸೂಕ್ಷ್ಮಜೀವಿ, ನಿಧಾನವಾಗಿಯಾದರೂ ಬೆಳೆಯುತ್ತದೆ. ಅದು ಬಿಟ್ಟ ಗಾಳಿಯೇ ನಿಮ್ಮ ಮುಚ್ಚಳ ಹಾರಿಸಿದ್ದು. ಎರಡು ಕೆಜಿ ಹಾಕಿದ್ದರೆ 70 ದಾಟುತ್ತಿತ್ತು. 65 ದಾಟಿದರೆ ಸಾಮಾನ್ಯವಾಗಿ ಯೀಸ್ಟ್‌ಗೆ ಕುಡಿಯಲು ನೀರೇ ಸಿಗುವುದಿಲ್ಲ. ಹಾಗಾಗಿ ಒಂದಕ್ಕೆ ಎರಡು. ನೋಡಿದರೆ ಗಾಬರಿಯಾಗುತ್ತದೆ, ಅಲ್ವಾ? ಆದರೆ ಲೋಟಕ್ಕೆ ಹಾಕುವುದು ಒಂದೆರಡು ದೊಡ್ಡ ಚಮಚ ಮಾತ್ರ.

ಅತ್ತೆಯವರ ಮಾತು ಅರ್ಧ ಸರಿ. ಕುದಿಸಿದರೆ ನೀರು ಆರಿ ದಪ್ಪವಾಗುತ್ತದೆ, ಹಾಗಾಗಿ ಕೆಡುವುದಿಲ್ಲ. ಆದರೆ ಈ ಕೆಂಪು ಬಣ್ಣಕ್ಕೆ ಬಿಸಿ ಆಗುವುದೇ ಇಲ್ಲ. ಒಂದು ಮಾತು ಕೇಳಿ ನೋಡಿ, ಅವರು ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಸಿದ್ದಾ ಅಂತ. ಪುನರ್ಪುಳಿಯ ಹುಳಿ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ರುಚಿಯೂ ಕೆಡುತ್ತದೆ. ಸ್ಟೀಲ್, ಗಾಜು, ಇಲ್ಲವೇ ಉಪ್ಪಿನಕಾಯಿ ಹಾಕುವ ಭರಣಿ, ಇಷ್ಟೇ ಸಾಕು.

ನಾನು ಮಾಡುವುದು ಹೀಗೆ. ಪೂರ್ತಿ ಕಪ್ಪುಗೆಂಪಾದ ಹಣ್ಣು ಮಾತ್ರ ಆರಿಸುತ್ತೇನೆ. ತೊಳೆದು, ಬಟ್ಟೆಯಲ್ಲಿ ಒರೆಸಿ, ಫ್ಯಾನಿನಡಿ ಒಂದು ಗಂಟೆ ಹರಡುತ್ತೇನೆ. ಒಂದು ಹನಿ ನೀರು ಉಳಿದರೂ ಮೇಲೆ ಬೂಸ್ಟು ಕಟ್ಟುತ್ತದೆ. ಅಡ್ಡಕ್ಕೆ ಸೀಳಿ ಬೀಜ ಮತ್ತು ಬಿಳಿ ತಿರುಳು ತೆಗೆಯಿರಿ. ತಿರುಳನ್ನು ಎಸೆಯಬೇಡಿ, ನೀರಲ್ಲಿ ಕಿವುಚಿ ಸೋಸಿ ಅವತ್ತೇ ಶರಬತ್ತು ಮಾಡಿ ಕುಡಿಯಿರಿ. ಕೆಲಸ ಮಾಡಿದವರಿಗೆ ಅದೇ ಸಂಬಳ!

ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ. ಮೇಲಿನ ಪದರ ಸಕ್ಕರೆಯೇ ಆಗಬೇಕು. ಬಾಯಿಗೆ ತೆಳು ಬಟ್ಟೆ ಕಟ್ಟಿ ಒಂದು ವಾರ ಬಿಸಿಲಲ್ಲಿಡಿ, ಸಂಜೆ ಒಳಗೆ ತನ್ನಿ. ದಿನಕ್ಕೊಮ್ಮೆ ಒಣಗಿದ ಮರದ ಸೌಟಲ್ಲಿ ತಿರುವಿ. ಮರುದಿನವೇ ಅಡಿಯಲ್ಲಿ ಕೆಂಪು ರಸ ನಿಂತಿರುತ್ತದೆ. ಸಕ್ಕರೆ ಪೂರ್ತಿ ಕರಗಿ ಸಿಪ್ಪೆ ಸುಕ್ಕುಗಟ್ಟಿದಾಗ ಸ್ಟೀಲ್ ಜಾಲರಿಯಲ್ಲಿ ಸೋಸಿ ಗಾಜಿನ ಬಾಟಲಿಗೆ ತುಂಬಿ. ಲೋಟಕ್ಕೆ ಒಂದು ಪಾಲು ಸಿರಪ್, ನಾಲ್ಕೈದು ಪಾಲು ತಣ್ಣೀರು, ಚಿಟಿಕೆ ಉಪ್ಪು, ಹುರಿದ ಜೀರಿಗೆ ಪುಡಿ. ಏಲಕ್ಕಿ ಹಾಕುವವರೂ ಇದ್ದಾರೆ. ನನಗೆ ಜೀರಿಗೆಯೇ ಸರಿ, ಏಲಕ್ಕಿ ಹಾಕಿದರೆ ಪಾಯಸ ಕುಡಿದ ಹಾಗಾಗುತ್ತದೆ.

ಪ್ರಶ್ನೆ (ಕಾಪುವಿನಿಂದ):
ಅಪ್ಪನಿಗೆ ಶುಗರ್ ಉಂಟು ಅಕ್ಕ. ಸಕ್ಕರೆ ಬದಲು ಬೆಲ್ಲ ಹಾಕಬಹುದಾ?

ಉತ್ತರ:
ಬೇಡ ಮಾರಾಯ್ರೆ. ಶುಗರ್ ಇದ್ದವರಿಗೆ ಬೆಲ್ಲವೂ ಸಕ್ಕರೆಯೇ. ಅವರಿಗೆ ಸಿರಪ್ಪೇ ಬೇಡ, ಒಣ ಸಿಪ್ಪೆ ತನ್ನಿ. ಎಂಟು ಹತ್ತು ಸಿಪ್ಪೆ ತೊಳೆದು ಎರಡು ಲೋಟ ನೀರಲ್ಲಿ ಎರಡು ಮೂರು ಗಂಟೆ ನೆನೆಸಿ, ಕಿವುಚಿ, ಸೋಸಿ. ಉಪ್ಪು, ಜೀರಿಗೆ, ಜಜ್ಜಿದ ಅರ್ಧ ಹಸಿಮೆಣಸು ಹಾಕಿ ತಣ್ಣಗೆ ಕೊಡಿ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆಯಾದರೆ ಮೊದಲು ನೀರಿನ ರುಚಿ ನೋಡಿ, ಆಮೇಲೆ ಉಪ್ಪು. ಇದಕ್ಕೆ ಕಾಪಿಡುವ ಸಕ್ಕರೆ ಇಲ್ಲ, ಹಾಗಾಗಿ ಅವತ್ತಿನದ್ದು ಅವತ್ತೇ ಮುಗಿಸಿ.

ಪ್ರಶ್ನೆ (ಬಜಪೆಯಿಂದ):
ನಮ್ಮಲ್ಲಿ ಗೇರುಹಣ್ಣು ರಾಶಿ ಬಿದ್ದು ಕೊಳೆಯುತ್ತಿದೆ. ಜ್ಯೂಸ್ ಮಾಡಿದರೆ ಗಂಟಲು ಕೆರೆಯುತ್ತದೆ. ಮಕ್ಕಳು ಮುಟ್ಟುವುದಿಲ್ಲ.

ಉತ್ತರ:
ಅದು ಹಣ್ಣಿನ ಒಗರು, ಟ್ಯಾನಿನ್ ಅಂತಾರೆ. ಅದಕ್ಕೆ ಗಂಜಿತಿಳಿಯೇ ಮದ್ದು. ಬೀಜ ತೆಗೆದು ಹಣ್ಣು ಹಿಂಡಿ, ಬಟ್ಟೆಯಲ್ಲಿ ಸೋಸಿ. ಒಂದು ಲೀಟರ್ ರಸಕ್ಕೆ ಅರ್ಧ ಲೋಟ ತಣ್ಣಗಾದ ಗಂಜಿತಿಳಿ ಹಾಕಿ ಕಲಸಿ, ಸುಮ್ನೆ ಬಿಡಿ. ಸ್ವಲ್ಪ ಹೊತ್ತಲ್ಲಿ ಮೊಸರು ಒಡೆದ ಹಾಗೆ ಕಣ ಕಣವಾಗಿ ಅಡಿಗೆ ಕೂರುತ್ತದೆ. ಮೇಲಿನ ತಿಳಿಯನ್ನು ಅಲುಗಾಡಿಸದೆ ಬಗ್ಗಿಸಿ, ಲಿಂಬೆ, ಸಕ್ಕರೆ, ಉಪ್ಪು ಸೇರಿಸಿ. ಬೆಳಿಗ್ಗೆ ಹೆಕ್ಕಿದ ತಾಜಾ ಹಣ್ಣೇ ಬೇಕು. ಹೊರಗೆ ಇಟ್ಟರೆ ಸಂಜೆಗೆಲ್ಲ ಹುಳಿ ಬರಲು ಶುರು, ಆಮೇಲೆ ಸುರತ್ಕಲ್‌ನವರ ಕಥೆಯೇ.

ಪ್ರಶ್ನೆ (ಸುರತ್ಕಲ್‌ನಿಂದ, ಪುನಃ):
ಕೇಳಿದೆ ಅಕ್ಕ, ಅಲ್ಯೂಮಿನಿಯಂ ಪಾತ್ರೆಯೇ ಅಂತೆ. ನಾನು ಹೇಳಿದೆ ಅಂತ ಹೇಳಬೇಡಿ. ಇನ್ನೊಂದು, ಅಮ್ಮನ ಮನೆಗೆ ಹೋಗುವಾಗ ಮಳೆ ಬಂದರೆ?

ಉತ್ತರ:
ಬಿಸಿಲು ಕೆಲಸ ಬೇಗ ಮಾಡಿಕೊಡುತ್ತದೆ, ಅಷ್ಟೆ. ಮೋಡ ಇದ್ದರೆ ಭರಣಿಯನ್ನು ಒಲೆಯ ಹತ್ತಿರದ ಬೆಚ್ಚಗಿನ ಜಾಗದಲ್ಲಿಡಿ. ಒಂದು ವಾರದ ಬದಲು ಹತ್ತು ಹನ್ನೆರಡು ದಿನ ಬೇಕಾದೀತು. ಆದರೆ ಮಳೆಗೆ ಒಡೆದು ಬಿದ್ದ ಹಣ್ಣು ಸಿರಪ್‌ಗೆ ಬೇಡ, ಅದು ನೀರು ಕುಡಿದಿರುತ್ತದೆ. ಸಾರಿಗೆ ಹಾಕಿ. ಈ ಸಲ ಬಾಟಲಿ ಗಾಜಿನದ್ದೇ ಇರಲಿ. ಸಕ್ಕರೆಯಲ್ಲಿ ಮಾತ್ರ ಪುನಃ ಕೈ ಹಿಡಿಯಬೇಡಿ, ಗಾಜು ಒಡೆದರೆ ಗೋಡೆ ಒರೆಸಿದರೆ ಸಾಲದು.