ಚಿಪ್‌ಸೆಟ್ ಡ್ರೈವರ್‌ಗೆ 1968ರ ತಾರೀಖು ಯಾಕೆ? ಹಳದಿ ಗುರುತಿನ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಡಿಟಿಪಿ ಅಂಗಡಿಯವರು, ಶಿರಸಿ):
ಸರ್, ನಮಸ್ಕಾರ. ಅಂಗಡಿಗೆ ಒಂದು ಸೆಕೆಂಡ್ ಹ್ಯಾಂಡ್ ಸಿಸ್ಟಮ್ ತಗೊಂಡೆ. ಇಂಟೆಲ್ ಐ3 ಮೂರನೇ ಜನರೇಶನ್, ಎಚ್61 ಬೋರ್ಡು. ನೆಟ್ ಇಲ್ಲದೆ ಪೆನ್‌ಡ್ರೈವ್‌ನಿಂದಲೇ ವಿಂಡೋಸ್ 10 ಹೊಸದಾಗಿ ಹಾಕಿದೆ. ನುಡಿ, ಪ್ರಿಂಟರ್ ಎಲ್ಲ ಚೆನ್ನಾಗಿ ನಡೆಯುತ್ತಿವೆ. ಆದರೆ ಡಿವೈಸ್ ಮ್ಯಾನೇಜರ್ ತೆರೆದರೆ ಎರಡು ಕಡೆ ಹಳದಿ ತ್ರಿಕೋನ: 'ಎಸ್‌ಎಂ ಬಸ್ ಕಂಟ್ರೋಲರ್', 'ಪಿಸಿಐ ಸಿಂಪಲ್ ಕಮ್ಯುನಿಕೇಶನ್ಸ್ ಕಂಟ್ರೋಲರ್'. ಚಿಪ್‌ಸೆಟ್ ಡ್ರೈವರ್ ಹಾಕಬೇಕು ಅಂದರು. ಇನ್ನೊಂದು ಸಿಸ್ಟಮ್‌ನಲ್ಲಿ ಝಿಪ್ ಡೌನ್‌ಲೋಡ್ ಮಾಡಿ ಬಿಚ್ಚಿದರೆ ಬರೀ ಐಎನ್‌ಎಫ್, ಸಿಎಟಿ ಅಂತ ನೂರಾರು ಫೈಲು. ಯಾವುದನ್ನು ಒತ್ತಬೇಕು?

ಉತ್ತರ:
ಸದ್ಯಕ್ಕೆ ಯಾವುದನ್ನೂ ಒತ್ತಬೇಡಿ ಸರ್. ಚಿಪ್‌ಸೆಟ್ ಅಂದರೆ ಪ್ರೊಸೆಸರನ್ನು ಬೋರ್ಡಿನ ಉಳಿದ ಭಾಗಗಳಿಗೆ ಜೋಡಿಸುವ ಚಿಪ್; ಡ್ರೈವರ್ ಅಂದರೆ ಒಂದು ಸಾಧನವನ್ನು ನಡೆಸಲು ವಿಂಡೋಸ್‌ಗೆ ಬೇಕಾದ ಸಾಫ್ಟ್‌ವೇರ್. ಮೊದಲು ಒಂದು ಕೆಲಸ ಮಾಡಿ. ಎಸ್‌ಎಂ ಬಸ್ ಮೇಲೆ ಡಬಲ್ ಕ್ಲಿಕ್ ಮಾಡಿ, ಡೀಟೇಲ್ಸ್‌ಗೆ ಹೋಗಿ, ಅಲ್ಲಿ 'ಹಾರ್ಡ್‌ವೇರ್ ಐಡೀಸ್' ಆರಿಸಿ. ಎಚ್61 ಬೋರ್ಡಾದ್ದರಿಂದ 'ವಿಇಎನ್_8086', 'ಡಿಇವಿ_1ಸಿ22' ಅಂತ ಕಾಣಬೇಕು. 8086 ಅಂದರೆ ಇಂಟೆಲ್. 1978ರಲ್ಲಿ ಅವರೇ ತಂದ ಪ್ರೊಸೆಸರ್‌ನ ಹೆಸರನ್ನೇ ಕಂಪನಿ ನಂಬರ್ ಮಾಡಿಕೊಂಡಿದ್ದಾರೆ. 1ಸಿ22 ಅಂದರೆ ಆ ಚಿಪ್‌ಸೆಟ್‌ನ ಎಸ್‌ಎಂ ಬಸ್, ಬೋರ್ಡಿನ ತಾಪಮಾನದಂಥ ಮಾಹಿತಿ ಸಾಗುವ ಸಣ್ಣ ದಾರಿ.

ಈಗ ನೀವು ಬಿಚ್ಚಿಟ್ಟ ಫೈಲುಗಳ ವಿಷಯ. ಐಎನ್‌ಎಫ್ ಬರೀ ಟೆಕ್ಸ್ಟ್ ಫೈಲು, ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಸರಿಯಾದ ಫೈಲಾಗಿದ್ದರೆ ಒಳಗೆ ಎಲ್ಲೋ 1ಸಿ22 ಅಂತ ಒಂದು ಸಾಲು ಇರುತ್ತದೆ. ಕೆಳಗೆ ಅದೇ ಸಾಧನಕ್ಕೆ 'ಇಂಟೆಲ್ 6 ಸೀರೀಸ್/ಸಿ200 ಸೀರೀಸ್ ಚಿಪ್‌ಸೆಟ್ ಫ್ಯಾಮಿಲಿ ಎಸ್‌ಎಂಬಸ್ ಕಂಟ್ರೋಲರ್' ಅಂತ ಹೆಸರು. ಹೆಚ್ಚು ಕಡಿಮೆ ಅಷ್ಟೇ! ಊರಿಗೆ ಹೊಸದಾಗಿ ಬಂದ ಪೋಸ್ಟ್‌ಮ್ಯಾನ್‌ಗೆ ಓಣಿಯವರು 'ಇದು ಇಂಥವರ ಮನೆ' ಅಂತ ತೋರಿಸಿದ ಹಾಗೆ. ನಿಜವಾಗಿ ಕೆಲಸ ಮಾಡುವ ಡ್ರೈವರ್ ಎಸ್‌ವೈಎಸ್ ಫೈಲಿನಲ್ಲಿರುತ್ತದೆ. ಎಸ್‌ಎಂ ಬಸ್‌ಗೆ ಅಂಥದ್ದು ಇಲ್ಲವೇ ಇಲ್ಲ. ಹಾಕಿದ ಮೇಲೆ 'ಡ್ರೈವರ್ ಡೀಟೇಲ್ಸ್' ಒತ್ತಿ ನೋಡಿ, ಈ ಸಾಧನಕ್ಕೆ ಡ್ರೈವರ್ ಫೈಲ್ ಬೇಕಿಲ್ಲ ಅಂತ ವಿಂಡೋಸೇ ಹೇಳುತ್ತದೆ. ಸಿಎಟಿ ಅಂದರೆ ಡಿಜಿಟಲ್ ಸಹಿ. ಐಎನ್‌ಎಫ್‌ನಲ್ಲಿ ಒಂದಕ್ಷರ ತಿದ್ದಿದರೂ ಸಹಿ ತಾಳೆಯಾಗುವುದಿಲ್ಲ. ಹಾಗಾಗಿ ಓದಿ, ತಿದ್ದಬೇಡಿ.

ಹಾಕುವುದು ಹೇಗೆ ಅಂದರೆ, ಮೊದಲು ನೆಟ್ ಕೊಡಿ. ಲ್ಯಾನ್ ಡ್ರೈವರ್ ಕೂಡ ಇಲ್ಲದಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಸೇರಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಸಾಮಾನ್ಯವಾಗಿ ಅದಕ್ಕೆ ಬೇರೆ ಡ್ರೈವರ್ ಬೇಕಾಗುವುದಿಲ್ಲ. ವಿಂಡೋಸ್ ಅಪ್‌ಡೇಟ್ ಓಡಿಸಿ. 'ಆಪ್ಷನಲ್ ಅಪ್‌ಡೇಟ್ಸ್' ಒಳಗೂ ನೋಡಿ, ತುಂಬಾ ಸಲ ಅಲ್ಲೇ ಸಿಕ್ಕಿಬಿಡುತ್ತದೆ. ಸಿಗದಿದ್ದರೆ ಬೋರ್ಡಿನ ಕಂಪನಿಯ ಸೈಟಿಗೆ ಹೋಗಿ ನಿಮ್ಮ ಮಾಡೆಲ್‌ನದ್ದೇ ಪ್ಯಾಕೇಜ್ ಡೌನ್‌ಲೋಡ್ ಮಾಡಿ. ಮಾಡೆಲ್ ಹೆಸರು ಬೋರ್ಡಿನ ಮೇಲೇ ಅಚ್ಚಾಗಿರುತ್ತದೆ, ಟಾರ್ಚ್ ಬಿಟ್ಟರೆ ಕಾಣುತ್ತದೆ. ಪ್ಯಾಕೇಜಿನಲ್ಲಿ ಸೆಟಪ್ ಫೈಲ್ ಇದ್ದರೆ ಅದನ್ನೇ ಓಡಿಸಿ, ರೀಸ್ಟಾರ್ಟ್ ಮಾಡಿ. ಸೆಟಪ್ ಇಲ್ಲದೆ ಬರೀ ಐಎನ್‌ಎಫ್ ಇದ್ದರೆ ಹಳದಿ ಗುರುತಿನ ಮೇಲೆ ರೈಟ್ ಕ್ಲಿಕ್, ಅಪ್‌ಡೇಟ್ ಡ್ರೈವರ್, 'ಬ್ರೌಸ್ ಮೈ ಕಂಪ್ಯೂಟರ್' ಒತ್ತಿ ಫೋಲ್ಡರ್ ತೋರಿಸಿ. ಒಳಗಿನ ಸಬ್‌ಫೋಲ್ಡರ್‌ಗಳನ್ನೂ ನೋಡು ಅನ್ನುವ ಟಿಕ್ ಇರಲಿ. ನೂರು ಫೈಲಿನಲ್ಲಿ ತನಗೆ ಬೇಕಾದ್ದನ್ನು ವಿಂಡೋಸೇ ಆರಿಸಿಕೊಳ್ಳುತ್ತದೆ.

ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಪ್ರೊಸೆಸರ್ ವಿಂಡೋಸ್ 11ರ ಪಟ್ಟಿಯಲ್ಲೂ ಇಲ್ಲ. ಅದನ್ನು ಇನ್ನೊಮ್ಮೆ ಮಾತಾಡೋಣ.

ಅದೇ ಅಂಗಡಿಯವರು, ಮರುದಿನ:
ಸರ್, ಎಸ್‌ಎಂ ಬಸ್‌ನ ಹಳದಿ ಹೋಯಿತು. ಎರಡು ಸಂಶಯ. ಪಿಸಿಐ ಸಿಂಪಲ್ ಇನ್ನೂ ಹಾಗೇ ಇದೆ. ಮತ್ತೆ, ಹಾಕಿದ ಡ್ರೈವರ್‌ನ ತಾರೀಖು 18-07-1968 ಅಂತ ತೋರಿಸುತ್ತಿದೆ! ನಾನೇ ಹುಟ್ಟಿರಲಿಲ್ಲ. ವೈರಸ್ ಅಲ್ವಾ ಇದು?

ಉತ್ತರ:
ವೈರಸ್ ಅಲ್ಲ ಸರ್, ಅದು ಇಂಟೆಲ್ ಕಂಪನಿ ಹುಟ್ಟಿದ ದಿನ. ಬೇಕಂತಲೇ ಹಾಕಿದ್ದಾರೆ. ಒಂದೇ ಸಾಧನಕ್ಕೆ ಎರಡು ಡ್ರೈವರ್ ಸಮಸಮ ಹೊಂದಿದರೆ ವಿಂಡೋಸ್ ಹೊಸ ತಾರೀಖಿನದ್ದನ್ನು ಆರಿಸಿಕೊಳ್ಳುತ್ತದೆ. ಬರೀ ಹೆಸರು ಹೇಳುವ ಫೈಲಿಗೆ ಈ ವರ್ಷದ ತಾರೀಖು ಕೊಟ್ಟರೆ, ಬೇರೆಯವರು ಹಾಕಿಟ್ಟ ನಿಜವಾದ ಡ್ರೈವರನ್ನೇ ಅದು ಪಕ್ಕಕ್ಕೆ ತಳ್ಳಬಹುದು. ಅದಕ್ಕೇ ಎಲ್ಲರಿಗಿಂತ ಹಿಂದೆ ನಿಲ್ಲಲಿ ಅಂತ 1968. ಮೈಕ್ರೋಸಾಫ್ಟ್ ಕೂಡ ಇದೇ ಉಪಾಯ ಮಾಡುತ್ತದೆ. ವಿಂಡೋಸ್ ಜೊತೆಗೇ ಬರುವ ಡ್ರೈವರ್‌ಗಳಲ್ಲಿ ಬಹುಪಾಲು 21-06-2006 ಅಂತಲೇ ತೋರಿಸುತ್ತವೆ. ಹೊಸದೋ ಹಳೆಯದೋ ತಿಳಿಯಬೇಕಾದರೆ ತಾರೀಖು ಬಿಡಿ, ವರ್ಶನ್ ನಂಬರ್ ನೋಡಿ.

ಪಿಸಿಐ ಸಿಂಪಲ್ ಕಮ್ಯುನಿಕೇಶನ್ಸ್ ಅಂದರೆ ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್, ಚಿಪ್‌ಸೆಟ್ ಒಳಗೇ ಇರುವ ಪುಟ್ಟ ನಿಯಂತ್ರಕ. ಐಡಿಯಲ್ಲಿ 1ಸಿ3ಎ ಇರಬೇಕು. ಇದಕ್ಕೆ ನಿಜವಾದ ಎಸ್‌ವೈಎಸ್ ಡ್ರೈವರ್ ಬೇಕು, ಮತ್ತು ಅದು ಚಿಪ್‌ಸೆಟ್ ಪ್ಯಾಕೇಜಿನಲ್ಲಿ ಬರುವುದಿಲ್ಲ. ಜನ ಎಡವುವುದು ಇಲ್ಲೇ. ಚಿಪ್‌ಸೆಟ್ ಪ್ಯಾಕೇಜನ್ನೇ ಮೂರು ಸಲ ಹಾಕಿ, ಆಮೇಲೆ ಬೋರ್ಡ್ ಹೋಗಿದೆ ಅಂತ ನನ್ನ ಬಳಿ ತರುತ್ತಾರೆ. ಅದೇ ಸೈಟಿನಲ್ಲಿ 'ಮ್ಯಾನೇಜ್‌ಮೆಂಟ್ ಎಂಜಿನ್ ಇಂಟರ್‌ಫೇಸ್' ಅಂತ ಬೇರೆ ಪ್ಯಾಕೇಜ್ ಇರುತ್ತದೆ, ಅದನ್ನು ಹಾಕಿ.

ಪ್ರಶ್ನೆ (ಗೃಹಿಣಿ, ಮೈಸೂರು):
ಮಗನ ಕಂಪ್ಯೂಟರ್‌ನಲ್ಲಿ ಎಲ್ಲ ಡ್ರೈವರ್ ಹುಡುಕಿ ತಾನೇ ಹಾಕುವ ಒಂದು ಸಾಫ್ಟ್‌ವೇರ್ ಇದೆ. '23 ಡ್ರೈವರ್ ಹಳೆಯದಾಗಿದೆ' ಅಂತ ಕೆಂಪಕ್ಷರದಲ್ಲಿ ತೋರಿಸಿ ದುಡ್ಡು ಕೇಳುತ್ತಿದೆ. ಕೊಡಬಹುದಾ? ಹಾಕಿದರೆ ಸ್ಪೀಡ್ ಜಾಸ್ತಿ ಆಗುತ್ತದಾ?

ಉತ್ತರ:
ಕೊಡಬೇಡಿ ಮೇಡಂ. ಸುಮ್ನೆ ಹೆದರಿಸುವುದು. ಆ 23ರಲ್ಲಿ ಈ 1968ರ ಗಿರಾಕಿಗಳೇ ಎಷ್ಟಿವೆಯೋ! ಹಳದಿ ಗುರುತಿಲ್ಲ, ಕಂಪ್ಯೂಟರ್ ಸರಿಯಾಗಿ ಮಲಗಿ ಏಳುತ್ತದೆ ಅಂದರೆ ಚಿಪ್‌ಸೆಟ್ ಡ್ರೈವರ್ ತಂಟೆಗೆ ಹೋಗುವ ಅಗತ್ಯವಿಲ್ಲ. ಇಂಟೆಲ್ ಬೋರ್ಡಿನಲ್ಲಿ ಇದರಿಂದ ಸ್ಪೀಡ್ ಜಾಸ್ತಿಯಾದದ್ದನ್ನು ನಾನಂತೂ ಕಂಡಿಲ್ಲ. ಬೇರೆ ಕಡೆಯಿಂದ ಏನೇ ಡೌನ್‌ಲೋಡ್ ಮಾಡಿದರೂ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ 'ಡಿಜಿಟಲ್ ಸಿಗ್ನೇಚರ್ಸ್' ನೋಡಿ. ಇಂಟೆಲ್ ಫೈಲ್ ಅಂತ ಹೇಳಿಕೊಂಡು ಅಲ್ಲಿ ಇಂಟೆಲ್ ಹೆಸರಿಲ್ಲದಿದ್ದರೆ ಅಳಿಸಿಬಿಡಿ.

ಪ್ರಶ್ನೆ (ವಿಡಿಯೋ ಎಡಿಟರ್, ಮಂಗಳೂರು):
ನನ್ನದು ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್, ಬಿ450 ಬೋರ್ಡು. ಇದಕ್ಕೂ ಇದೇ ಮಾತಾ?

ಉತ್ತರ:
ಇಲ್ಲ. ಎಎಂಡಿಯಲ್ಲಿ ಚಿಪ್‌ಸೆಟ್ ಪ್ಯಾಕೇಜ್ ಬರೀ ಹೆಸರಿನ ಫಲಕವಲ್ಲ. ಭದ್ರತಾ ಪ್ರೊಸೆಸರ್, ಜಿಪಿಐಒ (ಚಿಪ್‌ನ ಸಾಮಾನ್ಯ ಬಳಕೆಯ ಪಿನ್‌ಗಳು), ಪವರ್ ನಿರ್ವಹಣೆ ಇವಕ್ಕೆಲ್ಲ ಕೆಲಸ ಮಾಡುವ ಡ್ರೈವರ್ ಅದರಲ್ಲೇ ಬರುತ್ತವೆ. ಹಾಗಾಗಿ ರೈಜನ್‌ನಲ್ಲಿ ಮರೆಯದೆ ಹಾಕಿಸುತ್ತೇನೆ. 'ಪಿಸಿಐ ಎನ್‌ಕ್ರಿಪ್ಶನ್/ಡಿಕ್ರಿಪ್ಶನ್ ಕಂಟ್ರೋಲರ್' ಅಂತ ಹಳದಿ ಕಂಡು, ಐಡಿಯಲ್ಲಿ 1022 ಇದ್ದರೆ ಅದು ಎಎಂಡಿಯ ಆ ಭದ್ರತಾ ಪ್ರೊಸೆಸರೇ. ಎಎಂಡಿ ಸೈಟಿನಲ್ಲಿ ಬಿ450 ಆರಿಸಿದರೆ ಒಂದೇ ಪ್ಯಾಕೇಜಿನಲ್ಲಿ ಎಲ್ಲ ಸಿಗುತ್ತದೆ.

ಪ್ರಶ್ನೆ (ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ):
ಅಣ್ಣಾ, 11ನೇ ಜನರೇಶನ್ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡೋಣ ಅಂತ ಕೂತೆ. ವಿಂಡೋಸ್ ಎಲ್ಲಿ ಹಾಕಬೇಕು ಅಂತ ಕೇಳುವಾಗ ಪಟ್ಟಿ ಖಾಲಿ. ಎಸ್‌ಎಸ್‌ಡಿ ಸತ್ತಿದೆಯಾ?

ಉತ್ತರ:
ಬಯೋಸ್‌ನಲ್ಲಿ ಎಸ್‌ಎಸ್‌ಡಿ ಹೆಸರು ಕಾಣುತ್ತದಾ ನೋಡು ತಮ್ಮಾ. ಕಂಡರೆ ಬದುಕಿದೆ. 11ನೇ ಜನರೇಶನ್‌ನಿಂದ ಈಚೆಗೆ ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ಇಂಟೆಲ್ ವಿಎಂಡಿ (ಎಸ್‌ಎಸ್‌ಡಿಯನ್ನು ತನ್ನ ಹಿಡಿತದಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆ) ಆನ್ ಆಗಿರುತ್ತದೆ. ವಿಂಡೋಸ್ ಸೆಟಪ್‌ಗೆ ಅದರ ಪರಿಚಯ ಇಲ್ಲದಿದ್ದರೆ ಹೀಗೆ ಪಟ್ಟಿ ಖಾಲಿ. ಇನ್ನೊಂದು ಕಂಪ್ಯೂಟರ್‌ನಲ್ಲಿ ನಿನ್ನ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ 'ರಾಪಿಡ್ ಸ್ಟೋರೇಜ್' ಡ್ರೈವರ್ ಡೌನ್‌ಲೋಡ್ ಮಾಡು. ಅದನ್ನು ಪೂರ್ತಿ ಬಿಚ್ಚಿ ಪೆನ್‌ಡ್ರೈವ್‌ಗೆ ಹಾಕು, ಇಎಕ್ಸ್‌ಇ ಹಾಗೇ ಇಟ್ಟರೆ ಸೆಟಪ್‌ಗೆ ಅರ್ಥವಾಗುವುದಿಲ್ಲ. ಆ ಖಾಲಿ ಪಟ್ಟಿಯ ಪರದೆಯಲ್ಲೇ 'ಲೋಡ್ ಡ್ರೈವರ್' ಒತ್ತಿ, ಐಎನ್‌ಎಫ್ ಇರುವ ಫೋಲ್ಡರ್ ತೋರಿಸು. ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿದರೂ ಡಿಸ್ಕ್ ಕಾಣುತ್ತದೆ. ಆದರೆ ಒಳಗಿರುವ ಹಳೇ ವಿಂಡೋಸ್ ಆಮೇಲೆ ಬೂಟ್ ಆಗದೆ ನೀಲಿ ಪರದೆ ಕೊಡಬಹುದು. ಫೋಟೋ, ಪ್ರಾಜೆಕ್ಟ್ ಏನಾದರೂ ಅದರಲ್ಲಿದ್ದರೆ ಮೊದಲು ತೆಗೆದಿಟ್ಟುಕೋ.

ಅದೇ ವಿದ್ಯಾರ್ಥಿ:
ಬಂತು ಅಣ್ಣಾ! 'ಡಿಸ್ಕ್ 0' ಅಂತ ಕಾಣಿಸಿತು. ಆದರೆ 476 ಜಿಬಿ ಅಂತಿದೆ, ನಾನು ತಗೊಂಡದ್ದು 512. ಇದಕ್ಕೂ ಡ್ರೈವರ್ ಬೇಕಾ?

ಉತ್ತರ:
ಬೇಡ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ನೆಕ್ಸ್ಟ್ ಒತ್ತು.