ಆಫೀಸ್ ಫೋನ್ ಸಿಸ್ಟಂ ಬಗ್ಗೆ, ಟೆಕ್ನಿಕಲ್ ಗೊತ್ತಿಲ್ಲದವ್ರಿಗೆ ಹೇಗೆ ಬರ್ದು ಕೊಡೋದು?

ರ‍್ಯಾಕ್_ಹುಡುಗ:
ಮುಂದಿನ ತಿಂಗಳು ಕೆಲಸ ಬಿಡ್ತಿದೀನಿ. ಬೆಂಗಳೂರಲ್ಲಿ 40 ಫೋನ್ ಇರೋ ಆಫೀಸು, ಹಳೇ ಇಪಿಎಬಿಎಕ್ಸ್ (ಆಫೀಸ್ ಒಳಗಿನ ಫೋನ್ ಎಕ್ಸ್‌ಚೇಂಜ್) ತೆಗ್ದು ಫ್ರೀಪಿಬಿಎಕ್ಸ್ (ಅದೇ ಕೆಲಸ ಮಾಡೋ ಸಾಫ್ಟ್‌ವೇರ್) ಹಾಕಿದ್ದು ನಾನೇ, 30 ಚಾನೆಲ್‌ನ ಒಂದು ಪಿಆರ್‌ಐ (ಒಂದೇ ಸಲ 30 ಕಾಲ್ ಹೋಗೋ ಟೆಲಿಫೋನ್ ಲೈನ್) ಇದೆ, ಜೊತೆಗೆ ಒಂದು ಸಿಪ್ ಟ್ರಂಕ್ (ಇಂಟರ್‌ನೆಟ್ ಮೂಲಕ ಬರೋ ಫೋನ್ ಲೈನ್). ನನ್ ಜಾಗಕ್ಕೆ ಯಾರ್ನೂ ತಗೋತಿಲ್ವಂತೆ, ರಿಸೆಪ್ಷನ್ ಮೇಡಂ ಮತ್ತೆ ಅಕೌಂಟ್ಸಲ್ಲಿರೋ ಒಬ್ರು ನೋಡ್ಕೋತಾರಂತೆ. ಒಂದು ವಾರ ಕೂತು 34 ಪೇಜ್ ಬರ್ದೆ, ಡಯಾಗ್ರಾಂ, ಡಯಲ್ ಪ್ಲಾನ್, 5060 ಪೋರ್ಟು ಎಲ್ಲಾ ಹಾಕಿ. ಮೇಡಂ ಎರಡು ಪೇಜ್ ತಿರುವಿ "ಇದು ಯಾರಿಗೆ ಬರ್ದಿರೋದು?" ಅಂದ್ರು. ಏನ್ ಬಿಡ್ಬೇಕು ಏನ್ ಇಟ್ಕೋಬೇಕು ಗೊತ್ತಾಗ್ತಿಲ್ಲ.

ಹಳೇ_ಟೆಲಿಕಾಂ:
ಮೇಡಂ ಕೇಳಿದ್ದು ಸರಿಯಾಗೇ ಇದೆ ಗುರು. ಆ 34 ಪೇಜ್ ವೆಂಡರ್‌ಗೆ ಇಟ್ಬಿಡಿ, ಎಸೀಬೇಡಿ. ಇವ್ರಿಗೆ ಬೇಕಿರೋದು ಅವರ ಬಾಯಲ್ಲಿ ಬರೋ ಮಾತು: "ಫೋನ್ ಸ್ಕ್ರೀನ್ ಕಪ್ಪಾಗಿದೆ", "ಹೊಸಬ್ರು ಸೇರಿದ್ರು ನಂಬರ್ ಕೊಡಿ", "ನಾಳೆ ರಜಾ, ಕಾಲ್ ಮಾಡಿದ್ರೆ ರಜಾ ಅಂತ ಹೇಳ್ಬೇಕು". ಕಪ್ಪು ಸ್ಕ್ರೀನಿಗೆ ಎಲ್ರೂ ಅಡಾಪ್ಟರ್ ಹುಡುಕ್ತಾರೆ, ಪಿಒಇ ಫೋನಿಗೆ ಕರೆಂಟ್ ಬರೋದೇ ನೆಟ್‌ವರ್ಕ್ ಕೇಬಲಲ್ಲಿ ಅಂತ ಒಂದೇ ಒಂದು ಸಾಲು ಬರೀರಿ, ಅರ್ಧ ಕಾಲ್ ಕಮ್ಮಿ ಆಗತ್ತೆ. ರಜಾ ಲಿಸ್ಟಂತೂ ಮರೀಬೇಡಿ, ನವೆಂಬರ್ 1 ಹಾಕಿದ್ರೆ ಹಾಕ್ದಂಗೇ ಇರತ್ತೆ, ಆದ್ರೆ ಯುಗಾದಿ, ಗಣೇಶ ಹಬ್ಬ ಪ್ರತಿ ವರ್ಷ ಬೇರೆ ತಾರೀಖು, ಜನವರಿಲಿ ಯಾರಾದ್ರೂ ಟೈಮ್ ಗ್ರೂಪ್ (ಸಿಸ್ಟಂ ಒಳಗಿನ ದಿನ-ಸಮಯದ ಪಟ್ಟಿ) ತೆಗ್ದು ತಿದ್ಲೇಬೇಕು, ಇಲ್ಲಾಂದ್ರೆ ಹಬ್ಬದ ದಿನ ಖಾಲಿ ಆಫೀಸಲ್ಲಿ 40 ಫೋನ್ ಹೊಡ್ಕೋತಾ ಇರತ್ತೆ.

ಮತ್ತೆ ಏನನ್ನ ಮುಟ್ಬಾರ್ದು ಅಂತಾನೂ ಬರೀರಿ. ರಿಂಗ್ ಆಗತ್ತೆ ಆದ್ರೆ ಒಂದು ಕಡೆ ಮಾತು ಕೇಳ್ಸಲ್ಲ ಅಂದ್ರೆ ಬಹುತೇಕ ರೂಟರ್ ಅಥವಾ ಫೈರ್‌ವಾಲ್ ಕಥೆ, ಅದಕ್ಕೆ ಅವ್ರು ಕೈ ಹಾಕೋದು ಬೇಡ, ಸೀದಾ ವೆಂಡರ್.

ಹುಬ್ಬಳ್ಳಿ_ಲೈನ್:
ಅಣ್ಣಾ ಅದೆಲ್ಲಾ ಖರೇ, ಆದ್ರ ಮೊದ್ಲ ಒಂದು ನೋಡ್ರಿ, ಸಿಪ್ ಅಕೌಂಟಿನ ಓಟಿಪಿ ಯಾರ ಮೊಬೈಲಿಗೆ ಬರ್ತೈತಿ? ನಾ ಹಿಂದಿನ ಕೆಲ್ಸಾ ಬಿಟ್ಟು ಎಂಟು ತಿಂಗಳಾದ ಮ್ಯಾಲೂ ಅವ್ರ ಓಟಿಪಿ ನನಗ ಬರ್ತಿತ್ತು, ಒಮ್ಮೆ ಮದುವಿ ಊಟಕ್ಕ ಕುಂತಾಗ ಫೋನ್ ಮಾಡಿ "ಸರ ಆ ಆರು ನಂಬರ್ ಹೇಳ್ರಿ" ಅಂದ್ರು. ಪಿಆರ್‌ಐ ಸರ್ಕಿಟ್ ಐಡಿ (ಲೈನಿನ ಗುರುತಿನ ನಂಬರ್), ಬಿಲ್ ಯಾರ ಹೆಸರಿಗೈತಿ, ಅಡ್ಮಿನ್ ಪಾಸ್‌ವರ್ಡ್, ಇವನ್ನ ಕಾಗದದ ಮ್ಯಾಲ ಬರ್ದು ಲಕೋಟಿ ಅಂಟಿಸಿ ಮಾಲಕರ ಕಪಾಟಿನಾಗ ಇಡ್ರಿ. ಬ್ಯಾಕಪ್ ಅದೇ ಸರ್ವರಿನಾಗ ಇಟ್ರ ಇಟ್ಟಂಗಲ್ಲ. ಐಎಸ್‌ಡಿ ಬ್ಯಾಡಂದ್ರ ಈಗ್ಲೇ ಬಂದ್ ಮಾಡಿ ಹೋಗ್ರಿ, 1234 ಅಂತ ಪಾಸ್‌ವರ್ಡ್ ಇಟ್ಟ ಒಂದು ಎಕ್ಸ್‌ಟೆನ್ಷನ್ (ಆಫೀಸಿನಾಗಿನ ಒಂದೊಂದು ಫೋನಿನ ಒಳ ನಂಬರ್) ಸಾಕು, ರಾತ್ರೋರಾತ್ರಿ ಯಾರೋ ಫಾರಿನ್ನಿಗೆ ಕಾಲ್ ಹಚ್ಚಿ ಬಿಲ್ ಏರಿಸ್ತಾರ.

ರ‍್ಯಾಕ್_ಹುಡುಗ:
ಓಟಿಪಿ ನನ್ ನಂಬರಿಗೇ ಇತ್ತು 😅 ಅಷ್ಟೇ ಅಲ್ಲ, ಯಾರೂ ಎತ್ತದಿದ್ರೆ ಕಾಲ್ ಕೊನೇಗೆ ಹೋಗ್ತಿದ್ದಿದ್ದೂ ನನ್ ಮೊಬೈಲಿಗೆ, ಮೂರು ವರ್ಷದ ಹಿಂದೆ ಟೆಸ್ಟಿಗೆ ಅಂತ ಹಾಕಿದ್ದು. ಎರಡೂ ಬದಲಾಯಿಸ್ದೆ.

ಹೊಸದಾಗಿ ಮೂರು ಪೇಜ್ ಬರ್ದು ಮೇಡಂಗೆ ಕೊಟ್ಟು ಸುಮ್ನೆ ಪಕ್ಕ ನಿಂತೆ. *280 ಒತ್ತಿ ನೈಟ್ ಮೋಡ್ ಹಾಕಿದ್ರು, ಸರಿ. ಆಮೇಲೆ "ಎಕ್ಸ್‌ಟೆನ್ಷನ್ 104 ಆಫ್ ಮಾಡಿ ಆನ್ ಮಾಡಿ" ಅಂತಿತ್ತು, ಸೀದಾ ಟೇಬಲ್ ಕೆಳಗೆ ಬಗ್ಗಿ ಎಕ್ಸ್‌ಟೆನ್ಷನ್ ಬೋರ್ಡ್ ಕಿತ್ರು, ಪಕ್ಕದ ಎರಡು ಕಂಪ್ಯೂಟರೂ ಹೋಯ್ತು. ಈಗ ಎಲ್ಲಾ ಕಡೆ "104ನೇ ಫೋನ್" ಅಂತ ತಿದ್ತಾ ಇದೀನಿ.

ಹಳೇ_ಟೆಲಿಕಾಂ:
😂 "ಲೈನ್" ಅನ್ನೋದನ್ನೂ ಒಂದ್ಸಲ ಹುಡುಕಿ ನೋಡಿ.