ಮಗು ಹೊರಗೇ ಉಳಿದಿತ್ತು, ಬಾಗಿಲು ಲಾಕ್ ಆಗಿತ್ತು: ಚೈಲ್ಡ್‌ಕೇರ್ ಮೇಲೆ ಯಾರಿಗೆ ದೂರು ಕೊಡೋದು?

ಪ್ರಶ್ನೆ: ನಾವಿರುವುದು ಸಿಡ್ನಿಯಲ್ಲಿ. ಮಗಳಿಗೆ ಎರಡೂವರೆ ವರ್ಷ. ಮೊನ್ನೆ ಚೈಲ್ಡ್‌ಕೇರ್‌ನಲ್ಲಿ ಮಕ್ಕಳನ್ನೆಲ್ಲ ಅಂಗಳದಿಂದ ಒಳಗೆ ಕರೆದುಕೊಂಡು ಬಾಗಿಲು ಲಾಕ್ ಮಾಡಿದ್ದಾರೆ, ಇವಳೊಬ್ಬಳು ಹೊರಗೇ ಉಳಿದಿದ್ದಾಳೆ. ಬೇರೆ ಮಗುವಿನ ತಾಯಿಯೊಬ್ಬರು ನೋಡಿ ಗಾಜು ಬಡಿದ ಮೇಲೇ ಅವರಿಗೆ ಗೊತ್ತಾಗಿದ್ದು. ಸೆಂಟರ್‌ನವರು ನಮಗೆ ಹೇಳಲೇ ಇಲ್ಲ. ಕೇಳಿದರೆ "ಐದೇ ನಿಮಿಷ, ಪೆಟ್ಟೇನೂ ಆಗಿಲ್ವಲ್ಲ" ಅಂತಾರೆ. ದೂರು ಕೊಡಬಹುದಾ? ಟೆಂಪರರಿ ವೀಸಾದಲ್ಲಿದ್ದೇವೆ, ಅದಕ್ಕೇ ಭಯ.

ಉತ್ತರ: ಧಾರಾಳವಾಗಿ ಕೊಡಿ. ಇಲ್ಲಿ ಪೆಟ್ಟಾಗಿದೆಯಾ ಇಲ್ವಾ ಅನ್ನೋದು ಮುಖ್ಯ ಅಲ್ಲ. ಮಗು ಎಲ್ಲಿದೆ ಅಂತ ಲೆಕ್ಕಕ್ಕೆ ಸಿಗದೇ ಇರೋದು, ಒಳಗೋ ಹೊರಗೋ ಲಾಕ್ ಆಗಿಬಿಡೋದು, ಇವೆರಡೂ ಆಸ್ಟ್ರೇಲಿಯಾದ ನಿಯಮದಲ್ಲಿ 'ಸೀರಿಯಸ್ ಇನ್ಸಿಡೆಂಟ್'. ಸೆಂಟರ್‌ನವರು ಇದನ್ನು 24 ಗಂಟೆಯೊಳಗೆ ರಾಜ್ಯದ ರೆಗ್ಯುಲೇಟರ್‌ಗೆ (ಸೆಂಟರ್‌ಗಳ ಮೇಲೆ ನಿಗಾ ಇಡೋ ಸರ್ಕಾರಿ ಸಂಸ್ಥೆಗೆ) ತಿಳಿಸಲೇಬೇಕು. ನಿಮಗೂ ಅಷ್ಟರೊಳಗೇ ಹೇಳಬೇಕಿತ್ತು. ಹೇಳದೆ ಇದ್ದದ್ದೇ ನನಗೆ ಜಾಸ್ತಿ ಚಿಂತೆ ತರಿಸ್ತಿದೆ.

ಇವತ್ತೇ ಸೆಂಟರ್‌ಗೆ ಇಮೇಲ್ ಹಾಕಿ. ಬಾಗಿಲ ಹತ್ತಿರ ನಿಂತು ಮಾತಾಡಿದ್ದು, ಫೋನಲ್ಲಿ ಹೇಳಿದ್ದು ಯಾವುದೂ ಉಳಿಯಲ್ಲ. "ನನ್ನ ಮಗಳ ಸುರಕ್ಷತೆಗೆ ಧಕ್ಕೆಯಾಗಿದೆ, ಇದು ನನ್ನ ದೂರು" ಅಂತ ನೇರವಾಗಿ ಬರೆಯಿರಿ, ಯಾಕಂದ್ರೆ ಹೀಗೆ ಸುರಕ್ಷತೆ ಬಗ್ಗೆ ದೂರು ಬಂದರೆ ಆ ದೂರನ್ನೂ ಅವರು 24 ಗಂಟೆಯೊಳಗೆ ರೆಗ್ಯುಲೇಟರ್‌ಗೆ ಮುಟ್ಟಿಸಬೇಕು, ಮೇಜಿನ ಡ್ರಾಯರ್‌ನಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. ಅದರಲ್ಲೇ ಇನ್ಸಿಡೆಂಟ್ ರೆಕಾರ್ಡ್ ಪ್ರತಿಯನ್ನೂ ಕೇಳಿ. ಎಷ್ಟು ಹೊತ್ತಿಗೆ, ಏನಾಯ್ತು, ಏನು ಮಾಡಿದರು ಎಲ್ಲ ಅದರಲ್ಲಿರಬೇಕು. ನಿಮ್ಮ ಮಗುವಿನ ದಾಖಲೆ ನೋಡೋ ಹಕ್ಕು ನಿಮಗಿದೆ. ಮಗುವಿಗೆ 25 ವರ್ಷ ತುಂಬುವವರೆಗೆ ಅದನ್ನು ಕಾಪಾಡಬೇಕು ಅಂತಲೂ ನಿಯಮ ಇದೆ.

ಸೆಂಟರ್ ಉತ್ತರ ಕೊಡಲಿ ಅಂತ ಕಾಯಬೇಕಾಗಿಲ್ಲ, ರೆಗ್ಯುಲೇಟರ್‌ಗೆ ನೀವೇ ನೇರ ದೂರು ಕೊಡಬಹುದು. ತುಂಬಾ ಜನ ಎಸಿಇಸಿಕ್ಯೂಎಗೆ (ACECQA) ಬರೆದು ಕಾಯ್ತಾ ಕೂತಿರ್ತಾರೆ. ಅದು ರಾಷ್ಟ್ರಮಟ್ಟದ ಸಂಸ್ಥೆ, ಸೆಂಟರ್‌ಗಳ ಮೇಲಿನ ದೂರನ್ನು ತನಿಖೆ ಮಾಡಲ್ಲ. ಆಯಾ ರಾಜ್ಯದ ರೆಗ್ಯುಲೇಟರ್ ಯಾರು ಅಂತ ಮಾತ್ರ ಅವರ ಸೈಟಲ್ಲಿ ಸಿಗುತ್ತೆ. ಹೆಸರು ಹೇಳದೆಯೂ ರೆಗ್ಯುಲೇಟರ್‌ಗೆ ದೂರು ಕೊಡಬಹುದು, ಆದರೆ ಆಗ ಅವರು ನಿಮ್ಮನ್ನು ಮತ್ತೆ ಕೇಳಿ ತಿಳಿಯೋಕೆ ಆಗಲ್ಲ. ಹೆಸರು ಕೊಡೋದೇ ವಾಸಿ ಅಂತ ನನ್ನ ಅಭಿಪ್ರಾಯ. ಅವರು ಪರಿಶೀಲಿಸೋದು ಸೆಂಟರನ್ನ, ನಿಮ್ಮ ವೀಸಾನ ಅಲ್ಲ.

ಇನ್ನೊಬ್ಬರ ಪ್ರಶ್ನೆ: ನಾನೂ ಸಿಡ್ನಿಯ ಒಂದು ಸೆಂಟರ್‌ನಲ್ಲಿ ಎಜುಕೇಟರ್. ಒಂದು ಮಗುವಿನ ತೋಳಿನ ಮೇಲೆ ಬೆರಳು ಒತ್ತಿದಂಥ ಕಲೆ ನೋಡಿದೆ. ಡೈರೆಕ್ಟರ್ "ನಾನು ನೋಡ್ಕೋತೀನಿ, ನೀನು ಸುಮ್ನಿರು" ಅಂದರು. ಅಲ್ಲಿಗೆ ನನ್ನ ಕೆಲಸ ಮುಗೀತಾ?

ಉತ್ತರ: ಇಲ್ಲ. ರೆಗ್ಯುಲೇಟರ್‌ಗೆ ತಿಳಿಸೋದು ಸೆಂಟರ್ ನಡೆಸುವವರ ಹೊಣೆ, ನಿಜ. ಆದರೆ ನ್ಯೂ ಸೌತ್ ವೇಲ್ಸ್‌ನಲ್ಲಿ ನೀವು ಮ್ಯಾಂಡೇಟರಿ ರಿಪೋರ್ಟರ್, ಅಂದ್ರೆ ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾದವರು. ಮಗುವಿಗೆ ಗಂಭೀರ ಹಾನಿಯ ಅಪಾಯ ಇದೆ ಅಂತ ಸಕಾರಣವಾಗಿ ಅನುಮಾನ ಬಂದರೆ ವರದಿ ಮಾಡೋ ಹೊಣೆ ನಿಮ್ಮದೇ. ಡೈರೆಕ್ಟರ್ ಮಾಡಿದ್ದಾರೆ ಅಂತ ಖಾತ್ರಿ ಇಲ್ಲದೆ ಕೂರಬೇಡಿ. ಮಕ್ಕಳ ರಕ್ಷಣೆಯ ಹೆಲ್ಪ್‌ಲೈನ್ 132 111ಕ್ಕೆ ಫೋನ್ ಮಾಡಿ. ಆ ಕ್ಷಣದಲ್ಲೇ ಅಪಾಯ ಇದ್ದರೆ ತುರ್ತು ಸಹಾಯದ ನಂಬರ್ 000.

ಕಲೆ ಎಲ್ಲಿ, ಯಾವ ಬಣ್ಣ, ಎಷ್ಟು ಹೊತ್ತಿಗೆ ನೋಡಿದಿರಿ, ಅವತ್ತೇ ಬರೆದಿಡಿ. ಮಗುವನ್ನು ಮತ್ತೆ ಮತ್ತೆ ಕೇಳಬೇಡಿ, ತನಿಖೆ ನಿಮ್ಮ ಕೆಲಸ ಅಲ್ಲ. ಅದು ತಾನಾಗೇ ಏನಾದರೂ ಹೇಳಿದರೆ ಅದರ ಮಾತಿನಲ್ಲೇ ಬರೆಯಿರಿ, ಕನ್ನಡದಲ್ಲಿ ಹೇಳಿದರೆ ಮೊದಲು ಕನ್ನಡದಲ್ಲೇ. ಮಾಹಿತಿ ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳೋದು ಕಾನೂನಿಗೆ ವಿರುದ್ಧ. ಶಿಫ್ಟ್ ಕಡಿಮೆ ಮಾಡ್ತೀವಿ ಅಂತ ಯಾರಾದರೂ ಮೆಸೇಜ್ ಹಾಕಿದರೆ ಅದನ್ನು ಅಳಿಸಬೇಡಿ.